ಕಡ್ಡಿಯಿಂದ ಕಣಗಿಲೆ

ಊರಿನ ಹಿತ್ತಿಲಲ್ಲಿ, ಬಾವಿಯ ಬಳಿಯೋ ಬೇಲಿಯ ಅಂಚಿನಲ್ಲೋ ಯಾರ ಆರೈಕೆಯನ್ನೂ ಬಯಸದೆ ಬೆಳೆದು, ಬೆಳಗಿನ ಪೂಜೆಗೆ ಬುಟ್ಟಿ ತುಂಬ ಹೂವನ್ನೀಯುವ ಗಿಡ ಕಣಗಿಲೆ. ಉದ್ಯೋಗನಿಮಿತ್ತ ಮುಂಬಯಿ, ಪುಣೆ, ದೆಹಲಿಗಳಲ್ಲಿ ನೆಲೆಸಿದ ಕನ್ನಡಿಗರು ಇದನ್ನು ಮರೆತಿಲ್ಲ. ರಜೆಗೆಂದು ಊರಿಗೆ ಹೋದ ಗೃಹಿಣಿ ಹಿಂದಿರುಗುವಾಗ ಉಪ್ಪಿನಕಾಯಿಯ ಭರಣಿ, ಚಟ್ನಿಪುಡಿಯ ಡಬ್ಬಿಗಳ ಜೊತೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ನಾಲ್ಕು ಕಣಗಿಲೆಯ ಕಡ್ಡಿಗಳನ್ನೂ ತರುವುದುಂಟು. ಮರುದಿನವೇ ಅವು ನೀರು ತುಂಬಿದ ಗಾಜಿನ ಲೋಟದಲ್ಲಿ ಅಡುಗೆಮನೆಯ ಕಿಟಕಿಯನ್ನು ಅಲಂಕರಿಸಿರುತ್ತವೆ. ಗಿಡದ ಮಟ್ಟಿಗೆ ಈ ಕ್ರಮ ಸರಿಯಾದುದೇ. ಮನೆಯವರ ಮಟ್ಟಿಗೆ ಮಾತ್ರ ಅತ್ಯಂತ ಅಪಾಯಕರವಾದುದು.

ಮೊದಲು ಗಿಡದ ವಿಷಯ. ಬೀಜದಿಂದ ಬೆಳೆಸಿದ ಕಣಗಿಲೆ ತಾಯಿಗಿಡದ ಬಣ್ಣವನ್ನೇ ತಾಳುವುದೆಂಬ ಭರವಸೆಯಿಲ್ಲ. ಕಡ್ಡಿಯಿಂದ ಬೆಳೆಸಿದುದಾದರೋ ಊರಿನ ಗಿಡದ ಪಡಿಯಚ್ಚು. ಮೂಲಧನ ಒಂದು ಕಡ್ಡಿ, ಬಡ್ಡಿಯಾಗಿ ಹಲವು ವರ್ಷಗಳ ಹೂವು. ಇಂತಹ ಠೇವಣಿ ಬೇರೆಲ್ಲಿ ದೊರೆತೀತು?

ಹೂಬಿಡದಿರುವ, ತೀರ ಎಳೆಯದೂ ಅಲ್ಲದ, ಬಲಿತು ಗಟ್ಟಿಯಾದುದೂ ಅಲ್ಲದ, ಪೆನ್ಸಿಲಿನಷ್ಟು ದಪ್ಪನೆಯ ಕೊಂಬೆಯನ್ನು ಆರಿಸಿಕೊಳ್ಳಬೇಕು. ಕಣಗಿಲೆಯ ಎಲೆಗಳು ಸಾಮಾನ್ಯವಾಗಿ ಒಂದೊಂದು ಗಿಣ್ಣಿನಲ್ಲಿ ಮೂರು ಮೂರಾಗಿ ಹುಟ್ಟುತ್ತವೆ. ಅಂತಹ ಗಿಣ್ಣಿನ ತುಸು ಕೆಳಗೆ ಕತ್ತರಿಸಿದ, 15ರಿಂದ 20 ಸೆಂಟಿಮೀಟರ್ ಉದ್ದದ ಕಡ್ಡಿ ಸಾಕು. ಕೆಳಗಿನ ಎಲೆಗಳನ್ನೆಲ್ಲ ತೆಗೆದು ತುದಿಯಲ್ಲಿ ನಾಲ್ಕೈದನ್ನು ಮಾತ್ರ ಉಳಿಸಿ, ಅವನ್ನೂ ಅರ್ಧಕ್ಕೆ ಕತ್ತರಿಸಿದರೆ ನೀರು ಆವಿಯಾಗಿ ಹೋಗುವುದು ಕಡಿಮೆಯಾಗುತ್ತದೆ. ಇದನ್ನು ನೀರಿನಲ್ಲಿ ನಿಲ್ಲಿಸಬಹುದು, ಇಲ್ಲವೇ ದಪ್ಪ ಮರಳು ಮತ್ತು ಗೊಬ್ಬರವನ್ನು ಸಮಭಾಗವಾಗಿ ಬೆರೆಸಿ ಅದರಲ್ಲಿ ಊರಬಹುದು. ನೀರನ್ನು ಎರಡು ಮೂರು ದಿನಗಳಿಗೊಮ್ಮೆ ಬದಲಿಸುತ್ತಿದ್ದರೆ ಸುಮಾರು ಒಂದು ತಿಂಗಳಲ್ಲಿ ಬೇರು ಕಾಣಿಸಿಕೊಳ್ಳುತ್ತದೆ. ಬೇರು ಒಂದೆರಡು ಅಂಗುಲವಾದೊಡನೆ ಕುಂಡಕ್ಕೆ ವರ್ಗಾಯಿಸಬೇಕು. ನೀರಿನಲ್ಲಿ ಹುಟ್ಟಿದ ಬೇರು ಬಲು ಸೂಕ್ಷ್ಮ, ಕೈ ತಾಕಿದರೆ ಮುರಿಯುತ್ತದೆ. ಮಳೆಗಾಲ ಇದಕ್ಕೆ ಪ್ರಶಸ್ತ. ದೆಹಲಿಯ ಚಳಿಯಲ್ಲಿ ಈ ಪ್ರಯತ್ನ ಬೇಡ. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳದ ಬಾಲ್ಕನಿಯಲ್ಲಿ ಎಲೆ ಬಂದೀತು, ಹೂವನ್ನು ನಿರೀಕ್ಷಿಸುವಂತಿಲ್ಲ.

ಇನ್ನು ಲೋಟದ ವಿಷಯ. ಕಣಗಿಲೆಯ ಬೇರು, ತೊಗಟೆ, ಎಲೆ, ಹೂವು, ಬೀಜ ಎಲ್ಲವೂ ವಿಷ. ಕಡ್ಡಿ ನಿಂತ ನೀರು ಸಹ ವಿಷವೇ. ಇದರಲ್ಲಿರುವ ಓಲಿಯಾಂಡ್ರಿನ್ ಎಂಬ ದ್ರವ್ಯವು ಹೃದಯದ ಜೀವಕೋಶಗಳಲ್ಲಿ ಸೋಡಿಯಂ, ಪೊಟ್ಯಾಸಿಯಂಗಳ ಸಮತೋಲವನ್ನು ಕೆಡಿಸಿ ನಾಡಿಯ ಗತಿಯನ್ನು ತಪ್ಪಿಸುತ್ತದೆ. ಒಣಗಿಸಿದರೂ ಕುದಿಸಿದರೂ ಈ ಗುಣ ಹೋಗದು. ಹಳದಿ ಹೂವಿನ ಕಣಗಿಲೆ ಬೇರೊಂದು ಗಿಡವಾದರೂ ವಿಷದಲ್ಲಿ ಇದಕ್ಕೆ ಸೋದರನೇ. ಅದರ ಬೀಜವಂತೂ ಪ್ರಾಣಾಂತಿಕ. ಊರಿನಲ್ಲಿ ಗಿಡ ಮನೆಯಿಂದ ಹತ್ತು ಮಾರು ದೂರವಿತ್ತು, ಮುಟ್ಟಬಾರದೆಂದು ಗದರಿಸಲು ಅಜ್ಜಿಯೂ ಇದ್ದಳು. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಅದೇ ಕಡ್ಡಿ ಕುಡಿಯುವ ನೀರಿನ ಲೋಟದ ಪಕ್ಕದಲ್ಲಿ, ಅದೇ ಬಗೆಯ ಲೋಟದಲ್ಲಿ ನಿಂತಿರುತ್ತದೆ. ನಿದ್ದೆಗಣ್ಣಿನಲ್ಲಿ ಎದ್ದು ಬರುವ ಮಗುವಿಗೆ ಈ ಭೇದ ತಿಳಿಯುವುದು ಹೇಗೆ?

ದೇವರ ಹೂವೆಂಬ ಭಾವನೆಯೂ ಎಚ್ಚರವನ್ನು ಮರೆಸುತ್ತದೆ. ಕೇರಳದಲ್ಲಿ ತರುಣಿಯೊಬ್ಬಳ ಮರಣಕ್ಕೆ ಕಣಗಿಲೆಯನ್ನು ಅಗಿದುದೇ ಕಾರಣವಿರಬಹುದೆಂಬ ಶಂಕೆ ಮೂಡಿದ ಬಳಿಕ, 2024ರ ಮೇ ತಿಂಗಳಲ್ಲಿ ತಿರುವಾಂಕೂರು ದೇವಸ್ವಂ ಮಂಡಳಿಯು ತನ್ನ ದೇವಾಲಯಗಳ ನೈವೇದ್ಯ, ಪ್ರಸಾದಗಳಲ್ಲಿ ಈ ಹೂವನ್ನು ಬಳಸಕೂಡದೆಂದು ನಿರ್ಧರಿಸಿತು. ಮನೆಯಲ್ಲಿಯೂ ಹಾಗೆಯೇ ಮಾಡುವುದು ಯುಕ್ತ: ಹೂವು ದೇವರ ಮುಡಿಗೆ ಏರಲಿ, ತೀರ್ಥದ ಬಟ್ಟಲಿಗೂ ಪ್ರಸಾದದ ತಟ್ಟೆಗೂ ಬೀಳದಿರಲಿ.

ಆದ್ದರಿಂದ ಲೋಟ ಬೇಡ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ನೀರಿನ ಕ್ರಮವನ್ನೇ ಕೈಬಿಟ್ಟು ಕಡ್ಡಿಯನ್ನು ನೇರವಾಗಿ ಮರಳಿಗೆ ಊರುವುದು ಲೇಸು. ಮಗು ತೀರ ಚಿಕ್ಕದಿದ್ದರೆ ಗಿಡವನ್ನೇ ಕೆಲವು ವರ್ಷ ಮುಂದೂಡಿದರೆ ನಷ್ಟವೇನಿಲ್ಲ. ಕತ್ತರಿಸಲು ತರಕಾರಿಯ ಚಾಕುವನ್ನು ಬಳಸಬಾರದು. ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಸುತ್ತಿಕೊಂಡು, ಕೆಲಸ ಮುಗಿದ ಮೇಲೆ ಸಾಬೂನಿನಿಂದ ತೊಳೆಯಬೇಕು. ಕತ್ತರಿಸಿದ ತುಂಡುಗಳನ್ನು ಸುಡಕೂಡದು, ಅದರ ಹೊಗೆಯೂ ಹಾನಿಕರ. ಬೀದಿಯ ದನಗಳು ಮೇಯುವ ಕಸದ ರಾಶಿಗೆ ಎಸೆಯುವುದಂತೂ ಪಾಪವೇ ಸರಿ.

ಇಷ್ಟಾಗಿಯೂ ಯಾರಾದರೂ ಎಲೆಯನ್ನೋ ಹೂವನ್ನೋ ತಿಂದರೆ, ವಾಂತಿ, ಹೊಟ್ಟೆನೋವು, ತಲೆಸುತ್ತು ಕಾಣಿಸಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. 112ಕ್ಕೆ ಕರೆ ಮಾಡಬಹುದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಮನೆಮದ್ದು ಸಲ್ಲದು. ಗಿಡದ ಒಂದು ತುಂಡನ್ನು ಚೀಲದಲ್ಲಿ ಜೊತೆಗೆ ಒಯ್ದರೆ ವೈದ್ಯರಿಗೆ ಗುರುತಿಸಲು ಅನುಕೂಲ. ಪರಸ್ಥಳದಲ್ಲಿರುವವರು ಅದರ ಹೆಸರನ್ನೂ ಬಲ್ಲವರಾಗಿರಬೇಕು, ಏಕೆಂದರೆ ಕಣಗಿಲೆ ಎಂದರೆ ಅಲ್ಲಿನವರಿಗೆ ಅರ್ಥವಾಗದು. ಮುಂಬಯಿ, ಪುಣೆಗಳಲ್ಲಿ ಅದು ಕಣ್ಹೇರ, ದೆಹಲಿಯಲ್ಲಿ ಕನೇರ್, ಹೈದರಾಬಾದಿನಲ್ಲಿ ಗನ್ನೇರು. ಚೆನ್ನೈಯಲ್ಲಿ ಮಾತ್ರ ಅದಕ್ಕೆ ಅರಳಿ ಎನ್ನುತ್ತಾರೆ. ನಮ್ಮ ಅಶ್ವತ್ಥಕಟ್ಟೆಯ ಅರಳಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.