ಗಣಕಯಂತ್ರದ ಉಸಿರು

ಥಾಣೆಯ ಖಾಡಿಯಿಂದ ಬೀಸುವ ತೇವದ ಗಾಳಿಯೂ, ಡೊಂಬಿವಲಿ, ಕಲ್ಯಾಣಗಳಲ್ಲಿ ಎಡೆಬಿಡದೆ ಏಳುತ್ತಿರುವ ಕಟ್ಟಡಗಳ ಸಿಮೆಂಟಿನ ಧೂಳೂ ಒಂದುಗೂಡಿ ಕಿಟಕಿಯಿಂದೊಳಗೆ ಬಂದು, ಮೇಜಿನಡಿಯ ಗಣಕಯಂತ್ರದ ಫ್ಯಾನಿನ ಅಲಗುಗಳ ಮೇಲೆ ಬೂದುಬಣ್ಣದ ಪೊರೆಯಾಗಿ ನೆಲೆಸುತ್ತವೆ. ಕ್ರಮೇಣ ಯಂತ್ರವು ಸದ್ದುಮಾಡತೊಡಗುತ್ತದೆ.

ಆ ಸದ್ದಿನಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. ಭೋರೆನ್ನುವ ಸದ್ದು ಉಷ್ಣದ ಸೂಚನೆ: ಹೀಟ್‌ಸಿಂಕಿನ ಸಂದುಗಳು ಧೂಳಿನಿಂದ ಮುಚ್ಚಿ ಪ್ರಾಸೆಸರು ಕಾದಾಗ, ಅದನ್ನು ತಣಿಸಲೋಸುಗ ಮದರ್‌ಬೋರ್ಡು ಫ್ಯಾನಿನ ವೇಗವನ್ನು ಹೆಚ್ಚಿಸುತ್ತದೆ. ಕರಕರ ಸದ್ದಾದರೋ ಬಹುಮಟ್ಟಿಗೆ ಬೇರಿಂಗಿನ ಸವೆತದ್ದು. ಸ್ಲೀವ್ ಬೇರಿಂಗಿನೊಳಗಿನ ಎಣ್ಣೆಯು ಕಾಲಾನುಕ್ರಮದಲ್ಲಿ ಒಣಗುವುದೇ ಇದಕ್ಕೆ ಕಾರಣ.

ಮೊದಲನೆಯದಕ್ಕೆ ಪರಿಹಾರ ಸುಲಭಸಾಧ್ಯ. ಯಂತ್ರವನ್ನು ಆರಿಸಿ, ಪ್ಲಗ್ಗನ್ನು ಕಿತ್ತು, ಪಕ್ಕದ ಮುಚ್ಚಳವನ್ನು ತೆಗೆದು, ಅಲಗುಗಳು ತಿರುಗದಂತೆ ಬೆರಳಿನಿಂದ ಹಿಡಿದುಕೊಂಡು, ಮೃದುವಾದ ಬ್ರಷ್ಷಿನಿಂದ ಧೂಳನ್ನು ಸಡಿಲಿಸಿ, ಬ್ಲೋವರಿನಿಂದ ಹೊರಕ್ಕೂದಬೇಕು. ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಸರ್ವಥಾ ಬಿಚ್ಚಕೂಡದು. ಅದರ ಕೆಪಾಸಿಟರುಗಳಲ್ಲಿ ಪ್ಲಗ್ ಕಿತ್ತ ಮೇಲೂ ಪ್ರಾಣಾಂತಿಕ ವಿದ್ಯುತ್ತು ಉಳಿದಿರಬಹುದು.

ಬೇರಿಂಗು ಸವೆದಿದ್ದರೆ ಒಂದು ಹನಿ ಎಣ್ಣೆ ತಾತ್ಕಾಲಿಕ ಶಮನವಷ್ಟೇ. ಹೊಸ ಫ್ಯಾನೇ ನಿಜವಾದ ಉಪಾಯ. ಗಣಕಯಂತ್ರದ ಪೆಟ್ಟಿಗೆಯಲ್ಲಿ ಸ್ಥಳವಿದ್ದರೆ 80 ಮಿಲಿಮೀಟರಿನದಕ್ಕಿಂತ 120 ಮಿಲಿಮೀಟರಿನದು ಲೇಸು. ದೊಡ್ಡ ಅಲಗುಗಳು ಮಂದಗತಿಯಲ್ಲಿಯೇ ಅಷ್ಟೇ ಗಾಳಿಯನ್ನು ನೂಕುವುದರಿಂದ ಸದ್ದು ತಗ್ಗುತ್ತದೆ.

ನವಿ ಮುಂಬಯಿಯ ಒಂದೇ ಕೋಣೆಯ ಮನೆಯಲ್ಲಿ ಮಗಳು ರಾತ್ರಿ ಓದುತ್ತಿರುವಾಗ ಪಕ್ಕದಲ್ಲೇ ಮಲಗಿರುವ ಅಜ್ಜಿಗೆ ನಿದ್ರಾಭಂಗವಾಗದಿರುವುದು ಅಲ್ಪವಾದ ಸೌಖ್ಯವಲ್ಲ. ಆದುದರಿಂದ ಮಳೆಗಾಲ ಕಳೆದೊಡನೆ ಒಂದು ಗಳಿಗೆಯನ್ನು ಈ ಶುದ್ಧೀಕರಣಕ್ಕೆ ಮೀಸಲಿಡುವುದು ಗೃಹಸ್ಥರೆಲ್ಲರಿಗೂ ಹಿತಕರ.