ಚಿಪ್ಪು ಬಿಟ್ಟವರ ವಂಶಾವಳಿ

ನಮ್ಮಲ್ಲಿ ಅನೇಕರ ಮನೆಯ ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮವಿರುತ್ತದೆ. ನೇಪಾಳದ ಕಾಳಿ ಗಂಡಕಿಯ ಪಾತ್ರದಿಂದ ಬಂದ ನುಣುಪಾದ ಕರಿಕಲ್ಲು. ಚಕ್ರವಿರುವ ಸಾಲಿಗ್ರಾಮದ ಬಾಯೊಳಗೆ ಇಣುಕಿದರೆ ಒಳಮುಖವಾಗಿ ಸುತ್ತಿದ ಸುರುಳಿ, ಅದರ ಅಂಚಿನುದ್ದಕ್ಕೂ ಒತ್ತೊತ್ತಾದ ಏಣುಗಳು ಕಾಣುತ್ತವೆ. ಸುಮಾರು 15 ಕೋಟಿ ವರ್ಷಗಳ ಹಿಂದೆ ಟೆಥಿಸ್ ಸಮುದ್ರದಲ್ಲಿದ್ದ ಅಮೋನೈಟ್ ಎಂಬ ಜೀವಿಯ ಚಿಪ್ಪಿನ ಗುರುತು ಅದು. ಭಾರತದ ಭೂಫಲಕ ಏಷ್ಯಾಕ್ಕೆ ಒತ್ತಿ ಹಿಮಾಲಯ ಎದ್ದಾಗ, ಕಲ್ಲಾಗಿದ್ದ ಆ ಕಡಲತಳವೂ ಮೇಲೆ ಬಂತು.

ಅಮೋನೈಟ್ ಮೃದ್ವಂಗಿ. ಬಸವನಹುಳು, ಮರುವಾಯಿ, ಶಂಖ, ಆಕ್ಟೋಪಸ್ ಎಲ್ಲವೂ ಸೇರಿ 80,000ಕ್ಕೂ ಹೆಚ್ಚು ಜಾತಿಗಳಿರುವ ಈ ಬಳಗದ ಬೇರು ಬಹಳ ಆಳಕ್ಕೆ ಹೋಗುತ್ತದೆ. ರಷ್ಯಾದ ಶ್ವೇತ ಸಮುದ್ರದ ದಂಡೆಯಲ್ಲಿ ಸಿಕ್ಕಿದ, 55 ಕೋಟಿ ವರ್ಷಕ್ಕೂ ಹಳೆಯದಾದ ಕಿಂಬರೆಲ್ಲಾ ಎಂಬ ಪಳೆಯುಳಿಕೆ ಇದೇ ಬಳಗದ ಕಡೆಯದೆಂದು ಅನೇಕ ತಜ್ಞರು ಭಾವಿಸುತ್ತಾರೆ.

ಸುಮಾರು 49 ಕೋಟಿ ವರ್ಷಗಳ ಹಿಂದೆ ಈ ಬಳಗದ ಒಂದು ಪುಟ್ಟ ಜೀವಿ ತನ್ನ ಚಿಪ್ಪಿನೊಳಗೆ ಅಡ್ಡಗೋಡೆ ಕಟ್ಟಲು ಶುರುಮಾಡಿತು. ಪ್ಲೆಕ್ಟ್ರೊನೊಸೆರಾಸ್ ಎಂದು ಅದರ ಹೆಸರು. ಪಳೆಯುಳಿಕೆ ಸಿಕ್ಕಿದ್ದು ಚೀನಾದಲ್ಲಿ. ಬೆಳೆದಂತೆಲ್ಲ ಹಿಂದಿನ ಕೋಣೆಯನ್ನು ಮುಚ್ಚಿ ಮುಂದಕ್ಕೆ ಸರಿಯುವುದು, ಕೋಣೆಗಳ ನಡುವೆ ಹಾದುಹೋಗುವ ಒಂದು ಎಳೆಯಂಥ ನಳಿಕೆಯಿಂದ ಒಳಗಿನ ನೀರನ್ನು ಹೀರಿ ತೆಗೆಯುವುದು, ಖಾಲಿಯಾದ ಜಾಗದಲ್ಲಿ ಅನಿಲ ತುಂಬಿಕೊಳ್ಳುವುದು. ಮೈ ಕಾಯುತ್ತಿದ್ದ ಚಿಪ್ಪು ಹೀಗೆ ತೇಲಿಸುವ ಸಾಧನವೂ ಆಯಿತು. ತಳದಲ್ಲಿ ತೆವಳುತ್ತಿದ್ದವರ ಕುಲ ನೀರಿನ ನಡುವಿಗೆ ಏರಿತು.

ಅಮೋನೈಟ್‌ಗಳು ಇದೇ ಉಪಾಯದಿಂದ ಮೂವತ್ತು ಕೋಟಿ ವರ್ಷಕ್ಕೂ ಮೇಲ್ಪಟ್ಟು ಬಾಳಿ, 6.6 ಕೋಟಿ ವರ್ಷಗಳ ಹಿಂದೆ ಡೈನೋಸಾರ್‌ಗಳು ಅಳಿದ ಕಾಲದಲ್ಲೇ ಅಳಿದವು. ನೋಡಲು ಅವುಗಳಂತೆಯೇ ಇರುವ ನಾಟಿಲಸ್ ಇಂದಿಗೂ ಪೆಸಿಫಿಕ್‌ನಲ್ಲಿದೆ. ಅಮೋನೈಟ್ ಮರಿಗಳು ಒಂದು ಮಿಲಿಮೀಟರ್‌ನಷ್ಟು ಚಿಕ್ಕವು, ಮೇಲ್ನೀರಿನ ಸೂಕ್ಷ್ಮಜೀವಿಗಳನ್ನೇ ನಂಬಿದ್ದವು. ಆ ಆಹಾರ ತಪ್ಪಿದ್ದೇ ಅವುಗಳಿಗೆ ಮುಳುವಾಯಿತೆಂಬ ವಿವರಣೆ ನನಗೂ ಒಪ್ಪಿಗೆಯಾಗುತ್ತದೆ. ನಾಟಿಲಸ್ ಮರಿಯಾದರೋ ಮೊಟ್ಟೆಯಿಂದ ಹೊರಬರುವಾಗಲೇ ಎರಡೂವರೆ ಸೆಂಟಿಮೀಟರ್ ಇರುತ್ತದೆ.

ರೂಪ ಒಂದೇ ಆದರೂ ಅಮೋನೈಟ್‌ಗೆ ನಾಟಿಲಸ್‌ಗಿಂತ ಹತ್ತಿರದ ಸಂಬಂಧಿ ಮಲ್ಪೆ ಬಂದರಿನಲ್ಲಿ ಬುಟ್ಟಿಗಟ್ಟಲೆ ಇಳಿಯುವ ಬೊಂಡಾಸ್, ಅಂದರೆ ಸ್ಕ್ವಿಡ್! ಅದನ್ನು ಶುಚಿಮಾಡುವವರು ತಲೆ ಕಿತ್ತು, ಮೈಯೊಳಗಿಂದ ಪ್ಲಾಸ್ಟಿಕ್ ಪಟ್ಟಿಯಂಥ ಪಾರದರ್ಶಕ ಗರಿಯೊಂದನ್ನು ಎಳೆದು ಬಿಸಾಡುತ್ತಾರೆ. ಒಂದು ಕಾಲದ ಚಿಪ್ಪಿನಲ್ಲಿ ಉಳಿದದ್ದು ಅಷ್ಟೇ. ಈ ಕವಲಿನಲ್ಲಿ ಮಾಂಸವೇ ಚಿಪ್ಪಿನ ಮೇಲೆ ಬೆಳೆದು ಅದನ್ನು ಒಳಗೆ ಹಾಕಿಕೊಂಡಿತು. ಇಡೀ ಕಥೆಯಲ್ಲಿ ನನ್ನನ್ನು ಅತಿಯಾಗಿ ಬೆರಗುಗೊಳಿಸುವುದು ಈ ತಿರುವು. ಕಟಲ್‌ಫಿಶ್‌ನಲ್ಲಿ ಆ ಒಳಚಿಪ್ಪು ಇನ್ನೂ ಕೋಣೆ ಕೋಣೆಯಾಗಿಯೇ ಇದೆ, ಇನ್ನೂ ತೇಲಿಸುತ್ತದೆ. ಆಯುರ್ವೇದದ ಸಮುದ್ರಫೇನ ಅದೇ. ಆಕ್ಟೋಪಸ್‌ನಲ್ಲಿ ಹೆಚ್ಚೆಂದರೆ ಎರಡು ಸಣ್ಣ ಕಡ್ಡಿಗಳು.

ಕಳೆದುಕೊಂಡದ್ದಕ್ಕೆ ಪಡೆದದ್ದೂ ಇದೆ. ನಾಟಿಲಸ್ ಸುಮಾರು 800 ಮೀಟರ್ ಆಳ ದಾಟಿದರೆ ನೀರಿನ ಒತ್ತಡಕ್ಕೆ ಚಿಪ್ಪು ಒಡೆಯುತ್ತದೆ. ಆಕ್ಟೋಪಸ್‌ಗಳು ಸಾವಿರಾರು ಮೀಟರ್ ಕೆಳಗೂ ಇವೆ. ಕೊಕ್ಕು ತೂರುವಷ್ಟು ಸಂದಿ ಸಿಕ್ಕರೆ ಇಡೀ ಮೈ ತೂರಿಸುತ್ತವೆ. ಸುಮಾರು 50 ಕೋಟಿ ನರಕೋಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ತೋಳುಗಳಲ್ಲೇ ಇವೆ.

ಇದೇ ಆಕ್ಟೋಪಸ್ ಕುಲದ ಆರ್ಗೊನಾಟ್ ಹೆಣ್ಣು ತನ್ನ ಎರಡು ತೋಳುಗಳ ಅಗಲವಾದ ಪೊರೆಯಿಂದ ಕಾಗದದಷ್ಟು ತೆಳ್ಳನೆಯ ಸುರುಳಿ ಕವಚ ಕಟ್ಟಿ, ಮೊಟ್ಟೆಗಳನ್ನು ಅದರಲ್ಲಿ ಇಟ್ಟುಕೊಳ್ಳುತ್ತದೆ. ಹೊರನೋಟಕ್ಕೆ ಅದು ಅಮೋನೈಟನ್ನೇ ಹೋಲುತ್ತದೆ, ಒಳಗೆ ಮಾತ್ರ ಕೋಣೆಗಳಿಲ್ಲ. ಹಾಗಾಗಿ ಅದು ನೀರಿನ ಮೇಲ್ಮೈಗೆ ಬಂದು ಕವಚಕ್ಕೆ ಗಾಳಿ ತುಂಬಿಕೊಂಡು ಮತ್ತೆ ಕೆಳಗಿಳಿಯುತ್ತದೆ.