ಗಡಿ ಕಟ್ಟಿಸಿದ ಕೋಟೆ

ಸ್ಕಾಟ್ಲೆಂಡಿನ ದಕ್ಷಿಣ ಅಂಚಿನಲ್ಲಿ, ಇಂಗ್ಲೆಂಡಿನ ಗಡಿಗೆ ಸಮೀಪದಲ್ಲಿ ಲಿಡ್ಸ್‌ಡೇಲ್ ಎಂಬ ಕಣಿವೆಯಿದೆ. ಅಲ್ಲಿನ ಹರ್ಮಿಟೇಜ್ ಬೆರಳೆಣಿಕೆಯಷ್ಟು ಮನೆಗಳ ಹಳ್ಳಿ. ಸುತ್ತಲೂ ಬೋಳುಗುಡ್ಡಗಳು, ಕುರಿ ಮೇಯುವ ಹುಲ್ಲುಗಾವಲು. ಇವುಗಳ ನಡುವೆ, ಹೊಳೆಯ ದಂಡೆಯಲ್ಲಿ, ಕಲ್ಲಿನ ಬೃಹತ್ ಕೋಟೆಯೊಂದು ನಿಂತಿದೆ. ಇಷ್ಟು ಚಿಕ್ಕ ಹಳ್ಳಿಗೆ ಅಷ್ಟು ದೊಡ್ಡ ಕೋಟೆ ಏಕೆ ಬೇಕಾಯಿತು?

ಉತ್ತರ ಹಳ್ಳಿಯಲ್ಲಿಲ್ಲ, ಗಡಿಯಲ್ಲಿದೆ. ಎರಡು ರಾಜ್ಯಗಳ ನಡುವಿನ ಯುದ್ಧಗಳಲ್ಲಿ ಈ ಕಣಿವೆ ಸೇನೆಗಳಿಗೆ ಹಾದಿಯಾಗಿತ್ತು. ಯುದ್ಧವಿಲ್ಲದ ಕಾಲದಲ್ಲೂ ‘ರೀವರ್’ ಎಂಬ ಕುದುರೆ ಸವಾರರ ಗುಂಪುಗಳು ಗಡಿಯ ಎರಡೂ ಕಡೆ ದನಗಳನ್ನು ದೋಚುತ್ತಿದ್ದವು. ಮೊದಲ ಕೋಟೆ ಸುಮಾರು 1240ರದು. ಇಂದು ಕಾಣುವ ಕಲ್ಲಿನ ಕಟ್ಟಡದ ಬಹುಭಾಗ 14ನೆಯ ಶತಮಾನದ್ದು. ದಪ್ಪ ಗೋಡೆ, ಕಿರಿದಾದ ಕಿಟಕಿ, ಮೇಲ್ಭಾಗದಲ್ಲಿ ಮರದ ಅಟ್ಟಣೆ ಕಟ್ಟಲು ಬಿಟ್ಟ ರಂಧ್ರಗಳು. ಇದು ವಾಸಕ್ಕಿಂತ ಕಾವಲಿಗೆಂದು ಕಟ್ಟಿದ್ದೆಂಬುದನ್ನು ಇವೇ ಹೇಳುತ್ತವೆ.

ಈ ಕೋಟೆಯ ಹೆಸರು ಪ್ರಸಿದ್ಧವಾದದ್ದು ಒಂದೇ ದಿನದ ಪ್ರಯಾಣದಿಂದ. 1566ರ ಅಕ್ಟೋಬರಿನಲ್ಲಿ ಕೋಟೆಯ ಅಧಿಪತಿ ಬಾತ್‌ವೆಲ್ ಪ್ರಭು ರೀವರ್ ಒಬ್ಬನೊಡನೆ ಕಾದಾಡಿ ತೀವ್ರವಾಗಿ ಗಾಯಗೊಂಡ. ಆಗ ಸ್ಕಾಟ್ಲೆಂಡಿನ ರಾಣಿ ಮೇರಿ ನ್ಯಾಯವಿಚಾರಣೆಗಾಗಿ ಜೆಡ್‌ಬರೋ ಪಟ್ಟಣದಲ್ಲಿದ್ದಳು. ಆಕೆ ಕುದುರೆಯೇರಿ ಸುಮಾರು 40 ಕಿಲೋಮೀಟರ್ ದೂರದ ಈ ಕೋಟೆಗೆ ಬಂದು, ಅವನನ್ನು ಕಂಡು, ಅದೇ ದಿನ ಹಿಂದಿರುಗಿದಳು. ಬಳಿಕ ಸಾವಿನ ಅಂಚಿಗೆ ಹೋಗುವಷ್ಟು ಕಾಯಿಲೆ ಬಿದ್ದಳು.

1567ರ ಫೆಬ್ರವರಿಯಲ್ಲಿ ರಾಣಿಯ ಪತಿ ಡಾರ್ನ್‌ಲಿಯ ಕೊಲೆಯಾಯಿತು. ಮೇ ತಿಂಗಳಲ್ಲಿ ಆಕೆ ಬಾತ್‌ವೆಲ್‌ನನ್ನೇ ಮದುವೆಯಾದಳು. ಕೂಡಲೇ ಹಿಂದಿನ ಪ್ರಯಾಣಕ್ಕೆ ಹೊಸ ಅರ್ಥ ಬಂತು. ಪ್ರಿಯಕರನ ಸುದ್ದಿ ಕೇಳಿ ರಾಣಿ ಓಡಿಹೋದಳೆಂದು ವಿರೋಧಿಗಳು ಬರೆದರು. ಆದರೆ ಸುದ್ದಿ ತಿಳಿದ ಮೇಲೂ ಆಕೆ ಕೆಲವು ದಿನ ಜೆಡ್‌ಬರೋದಲ್ಲಿಯೇ ಇದ್ದಳು. ಹೊರಟಾಗ ಆಸ್ಥಾನದ ಪ್ರಮುಖರೂ ಜೊತೆಗಿದ್ದರು. ಗಡಿ ಕಾಯುವ ಅಧಿಕಾರಿಯ ಸ್ಥಿತಿ ತಿಳಿಯುವುದು ರಾಜ್ಯಕಾರ್ಯವೂ ಆಗಿತ್ತಲ್ಲವೇ?

1603ರಲ್ಲಿ ಮೇರಿಯ ಮಗ ಆರನೆಯ ಜೇಮ್ಸ್ ಇಂಗ್ಲೆಂಡಿನ ಸಿಂಹಾಸನವನ್ನೂ ಏರಿದ. ಎರಡೂ ರಾಜ್ಯಗಳಿಗೆ ಒಬ್ಬನೇ ದೊರೆಯಾದ ಮೇಲೆ ಗಡಿಕೋಟೆಗೆ ಕೆಲಸವಿಲ್ಲದಾಯಿತು. ಕ್ರಮೇಣ ಅದು ಪಾಳುಬಿತ್ತು. 19ನೆಯ ಶತಮಾನದಲ್ಲಿ ದುರಸ್ತಿಯಾಗಿ, ಇಂದು ಸಂರಕ್ಷಿತ ಸ್ಮಾರಕವಾಗಿ ಉಳಿದಿದೆ.

ವಿದ್ಯಾರ್ಥಿಗಳೇ, ಕೋಟೆಯೊಂದರ ಕಥೆ ಕೇಳಿದಾಗ ಎರಡು ಪ್ರಶ್ನೆ ಹಾಕಿಕೊಳ್ಳಿ: ಇದನ್ನು ಇಲ್ಲಿಯೇ ಏಕೆ ಕಟ್ಟಿದರು? ಈ ಕಥೆಯನ್ನು ಯಾರು, ಯಾವಾಗ ಹೇಳಿದರು? ಇತಿಹಾಸದ ಅಧ್ಯಯನ ಇಲ್ಲಿಂದಲೇ ಆರಂಭವಾಗುತ್ತದೆ.